ಬಂಪರಿನ ಮುಲಾಮು

"ಗುರುಗಳೇ, ಒಂದು ಕಲೆ ಪೂರ್ತಿ ಹೋಗಬೇಕಾದರೆ ಎಷ್ಟು ಸಲ ಕ್ಷಮೆ ಕೇಳಬೇಕು?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ. "ಯಾರ ಹತ್ತಿರ?" ಎಂದರು.

"ಅಕ್ಕನ ಹತ್ತಿರ. ಅವಳ ಮಗಳ ನಿಶ್ಚಿತಾರ್ಥದ ದಿನ ಬೀಗರ ಎದುರಿಗೆ ಅವಳಿಗೆ ಒಂದು ಕೆಟ್ಟ ಮಾತು ಆಡಿಬಿಟ್ಟೆ. ಮರುದಿನವೇ ಹೋಗಿ ಕಾಲಿಗೆ ಬಿದ್ದೆ. ಆಯಿತು ಬಿಡೋ, ಅಂದಳು. ಆದರೆ ಅವಳ ಮುಖ ಮೊದಲಿನ ಹಾಗಿರಲಿಲ್ಲ. ಹಬ್ಬಕ್ಕೆ ಹೋದಾಗ ಮತ್ತೆ ಕೇಳಿದೆ. ಮದುವೆಯ ಚಪ್ಪರದಲ್ಲಿ ಕೇಳಿದೆ. ಫೋನಿನಲ್ಲೂ ಕೇಳುತ್ತಿರುತ್ತೇನೆ. ಕ್ಷಮಿಸಿದ್ದೇನೆ ಎಂದೇ ಹೇಳುತ್ತಾಳೆ. ಮೊನ್ನೆ ಹೋದಾಗ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಎದ್ದು ಅಡುಗೆಮನೆಗೆ ಹೋದಳು. ನಾನು ಹೊರಡುವ ತನಕ ಹೊರಗೆ ಬರಲಿಲ್ಲ. ಅವಳ ಮನಸ್ಸಿನಲ್ಲಿ ಆ ಕಲೆ ಇನ್ನೂ ಇದೆ. ಅದನ್ನು ಹೇಗೆ ತೆಗೆಯಲಿ?"

ಗುರುಗಳು ಒಂದು ಹುಳುಕು ಕಾಳನ್ನು ಆರಿಸಿ ಪಕ್ಕಕ್ಕೆ ಎಸೆದರು. "ನಿನಗೆ ಹಳೆಯ ಕಾರುಗಳ ವಿಷಯ ಗೊತ್ತೇ?" ಎಂದರು.

"ಕಾರೇ?"

"ಕಾರೇ. ಯಾಕೆ, ಸ್ವಾಮಿಗಳು ಕತೆ ಹೇಳಿದರೆ ಎತ್ತಿನ ಗಾಡಿಯೇ ಬರಬೇಕು ಎಂದು ಶಾಸ್ತ್ರವಿದೆಯೇನು? ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ."

ಮರುಳಸಿದ್ಧ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಮನೆಯ ಮುಂಭಾಗದಲ್ಲೇ ಅವನ ಅಂಗಡಿ, ಅದರ ಪಕ್ಕದಲ್ಲಿ ಒಂದು ಫೋಟೊ ಸ್ಟುಡಿಯೋ ಇತ್ತು. ದರ್ಜಿಯೂ ಸ್ಟುಡಿಯೋದವನೂ ಚಿಕ್ಕಂದಿನಿಂದ ಸ್ನೇಹಿತರು. ಸ್ಟುಡಿಯೋದವನ ಬಳಿ ಒಂದು ಹಳೆಯ ಕಾರಿತ್ತು, ಅವನ ತಂದೆಯ ಕಾಲದ್ದು. ಮುಂದೆ ಹಿಂದೆ ದಪ್ಪ ಬಂಪರು, ದೀಪಗಳ ಸುತ್ತ ಬಳೆ, ಬಾಗಿಲುಗಳ ಉದ್ದಕ್ಕೆ ಪಟ್ಟಿ, ಎಲ್ಲಕ್ಕೂ ಕ್ರೋಮಿನ ಹೊಳಪು. ಅದರಲ್ಲಿ ನೋಡಿಕೊಂಡು ತಲೆ ಬಾಚಬಹುದಿತ್ತು.

ಭಾನುವಾರ ಇಬ್ಬರೂ ಆ ಕಾರಿನಲ್ಲಿ ಊರಾಚೆಯ ಅಣೆಕಟ್ಟಿಗೆ ಹೋಗುತ್ತಿದ್ದರು. ನೀರು ಕಾಣುವ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರು. ಇಳಿಯುತ್ತಿರಲಿಲ್ಲ. ಒಳಗೇ ಕುಳಿತು ಮಂಡಕ್ಕಿ ಮಿರ್ಚಿ ತಿಂದು, ಊರಿನವರನ್ನೆಲ್ಲ ಒಂದು ಸುತ್ತು ಬೈದು, ಕತ್ತಲಾಗುವ ಮೊದಲು ಹಿಂದಿರುಗುತ್ತಿದ್ದರು. ಇದಕ್ಕಿಂತ ಹೆಚ್ಚಿನ ಸುಖವನ್ನು ಇಬ್ಬರೂ ಕೇಳಿದವರಲ್ಲ.

ಸ್ಟುಡಿಯೋದವನ ಹೆಂಡತಿಗೆ ಕಾಯಿಲೆಯಾಯಿತು. ದೂರದ ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕಾಯಿತು. ಎಷ್ಟು ತಿಂಗಳು ಹಿಡಿಯುವುದೋ ಗೊತ್ತಿರಲಿಲ್ಲ. ಹೊರಡುವಾಗ ಅವನು ಕಾರನ್ನು ದರ್ಜಿಯ ಅಂಗಡಿಯ ಮುಂದೆ ನಿಲ್ಲಿಸಿ ಕೀಲಿಯನ್ನು ಅವನ ಕೈಗೆ ಕೊಟ್ಟ.

"ಆಗಾಗ ಸ್ಟಾರ್ಟ್ ಮಾಡ್ತಿರು. ಧೂಳು ಕೂರದ ಹಾಗೆ ನೋಡ್ಕೋ. ಅಷ್ಟು ಸಾಕು" ಎಂದ.

ದರ್ಜಿಗೆ ಅಷ್ಟು ಸಾಲಲಿಲ್ಲ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಹೊಲಿಯಲು ಬರುತ್ತಿತ್ತು. ಟೇಪು ಹಿಡಿದು ಕಾರಿನ ಅಳತೆ ತೆಗೆದ. ದಪ್ಪ ಕ್ಯಾನ್ವಾಸು ತಂದು, ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಕಾರಿಗೆ ಒಂದು ನಿಲುವಂಗಿ ಹೊಲಿದ. ಗಾಳಿ ನುಗ್ಗಿ ಧೂಳು ತುಂಬಬಾರದೆಂದು ಕೆಳಗಿನ ತನಕ ಗುಂಡಿ ಇಟ್ಟ. ಬೀದಿಯವರೆಲ್ಲ ಬಂದು ನೋಡಿ ಹೊಗಳಿದರು. ಮದುವೆಯ ಕೋಟು ಹೊಲಿದಾಗಲೂ ಅವನಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮಳೆಗಾಲ ಬಂತು. ಆ ಅಸ್ತರು ತೇವ ಹೀರಿಕೊಂಡಿತು. ಗುಂಡಿ ಬಿಗಿಯಾಗಿದ್ದುದರಿಂದ ಗಾಳಿ ಆಡಲಿಲ್ಲ, ತೇವ ಆರಲಿಲ್ಲ. ದರ್ಜಿ ಕಾರಿನ ಮುಂದಿನ ಬಾಗಿಲ ಕಡೆಯ ಗುಂಡಿಗಳನ್ನಷ್ಟೇ ಬಿಚ್ಚಿ, ಒಳಗೆ ನುಸುಳಿ, ಕಾರು ಸ್ಟಾರ್ಟ್ ಮಾಡಿ, ಮತ್ತೆ ಗುಂಡಿ ಹಾಕಿ ಬರುತ್ತಿದ್ದ. ಮಳೆ ನಿಂತ ಮೇಲೆ ಒಂದು ದಿನ ನಿಲುವಂಗಿಯನ್ನು ಪೂರ್ತಿ ತೆಗೆದು ನೋಡಿದ. ಕ್ರೋಮು ಇದ್ದ ಕಡೆಯಲ್ಲೆಲ್ಲ ತುಕ್ಕು ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು. ಬಂಪರಿಗೆ ಸಿಡುಬು ಬಂದ ಹಾಗೆ ಕಾಣುತ್ತಿತ್ತು.

ನಂಬಿ ಕೀಲಿ ಕೊಟ್ಟ ಸ್ನೇಹಿತನಿಗೆ ಏನೆಂದು ಹೇಳುವುದು? ಅಂದು ಊಟ ಸೇರಲಿಲ್ಲ. ಅದೇ ವಾರ ಸ್ಟುಡಿಯೋದವನಿಂದ ಫೋನು ಬಂತು. ಹೆಂಡತಿ ಚೇತರಿಸಿಕೊಂಡಿದ್ದಳು, ಆದರೆ ಆಸ್ಪತ್ರೆಯ ಹತ್ತಿರವೇ ಇರಬೇಕಿತ್ತು. ಸ್ಟುಡಿಯೋ ಮುಚ್ಚಿ, ಇಲ್ಲಿನ ವ್ಯವಹಾರ ಮುಗಿಸಿ ಹೋಗಲು ಬರುತ್ತೇನೆ ಎಂದ. ದರ್ಜಿ ಕಾರಿನ ಸುದ್ದಿ ಎತ್ತಲಿಲ್ಲ.

ಹಳೆಪೇಟೆಯಲ್ಲಿ ಒಂದು ಬೀದಿಯಿದೆ. ಅಲ್ಲಿ ಲೋಹಕ್ಕೆ ಮುಲಾಮು ಕೊಡುವವರ ಅಂಗಡಿಗಳಿವೆ. ಬೆಳ್ಳಿಗೆ ಚಿನ್ನದ ಮುಲಾಮು, ಕಬ್ಬಿಣಕ್ಕೆ ಕ್ರೋಮಿನ ಮುಲಾಮು. ಅಂದರೆ ಮೇಲಿನ ತೆಳು ಲೇಪ. ದರ್ಜಿ ಅಲ್ಲಿಗೆ ಹೋಗಿ ಒಬ್ಬನನ್ನು ವಿಚಾರಿಸಿದ. ಅವನು ಹೇಳಿದ ದರ ದರ್ಜಿಯ ಕೈಗೆಟುಕುವಂಥದ್ದಾಗಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಏನಾದರೂ ದಾರಿ ಉಂಟೇ ಎಂದು ಕೇಳಿದ. ಮುಲಾಮಿನವನಿಗೆ ಇವನಿಂದ ಕೆಲಸ ಸಿಗುವುದಿಲ್ಲ ಎಂದು ಗೊತ್ತಾಗಿಹೋಗಿತ್ತು. ಬೇರೆ ಗಿರಾಕಿಯ ಸಾಮಾನು ತೂಗುತ್ತಲೇ, ಕತ್ತು ತಿರುಗಿಸದೆ ಹೇಳಿದ.

"ಹೋಟೆಲಲ್ಲಿ ರೊಟ್ಟಿ ಸುತ್ತಿ ಕೊಡ್ತಾರಲ್ಲ, ಆ ಬೆಳ್ಳಿ ಕಾಗದ ಉಂಡೆ ಮಾಡಿ ನೀರಲ್ಲಿ ಅದ್ದಿ ತಿಕ್ಕಿ. ತುಕ್ಕು ಬಿಡುತ್ತೆ. ಬೇಕಾದ್ರೆ ಪಾಲಿಶ್ ಹಾಕಿ ಮೆತ್ತಗೆ ಉಜ್ಜಿ. ಹಳದಿ ಕಂಡ್ರೆ ಮುಲಾಮು ಮುಗೀತು ಅಂತ ತಿಳ್ಕೊಳಿ. ಕೊನೆಗೆ ಮೇಣ ಸವರಿ ಬಿಟ್ಟುಬಿಡಿ."

ದರ್ಜಿ ಮನೆಗೆ ಬಂದ. ಮೊದಲು ತನಗೆ ಗೊತ್ತಿದ್ದ ವಿದ್ಯೆಯನ್ನೇ ನೋಡಿದ. ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಹೆಂಡತಿ ಬಂದು, "ರೀ, ಸಾರಿಗೆ ಇಟ್ಟಿದ್ದೆಲ್ಲ ಕಾರು ಕುಡೀತೇನ್ರಿ?" ಎಂದು ಕೇಳಿ ಹೋದಳು. ಅದರಿಂದ ಹೆಚ್ಚೇನೂ ಆಗಲಿಲ್ಲ. ಆಮೇಲೆ ಬೆಳ್ಳಿ ಕಾಗದ ತಂದು, ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿದ. ಕಂದು ಬಣ್ಣದ ಕೆಸರು ಇಳಿಯಿತು. ಒರೆಸಿ ನೋಡಿದರೆ ಕೆಳಗೆ ಕ್ರೋಮು ಹಾಗೇ ಇತ್ತು. ದರ್ಜಿಗೆ ಹೋದ ಜೀವ ಬಂದಂತಾಯಿತು.

ಮೋಟಾರು ಸಾಮಾನಿನ ಅಂಗಡಿಯಿಂದ ಪಾಲಿಶ್ ತಂದ. ಚಪ್ಪಟೆ ಡಬ್ಬಿ, ಒಳಗೆ ಬಿಳಿಯ ಮೆತ್ತನೆಯ ಪೇಸ್ಟು. ಹೆಂಡತಿ ಮೂಸಿ ನೋಡಿ, "ಇದೇನು, ಮಂಡಿನೋವಿನ ಮುಲಾಮಾ?" ಎಂದಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಮುಲಾಮು ಎಂದೇ ಹೆಸರಾಯಿತು. ಮುಲಾಮು ಎಲ್ಲಿಟ್ಟೆ, ಮುಲಾಮು ಕೊಡು. ದರ್ಜಿ ಅದನ್ನು ಹಳೆಯ ಪಂಚೆಯ ತುಂಡಿಗೆ ಹಚ್ಚಿ ಉಜ್ಜಿದ. ಕಾರು ಹೊಳೆಯಿತು. ಹತ್ತಿರದಿಂದ ನೋಡಿದರೆ ತುಕ್ಕು ತಿಂದ ಜಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಉಳಿದಿದ್ದವು. ಅಲ್ಲಿ ಕ್ರೋಮು ಹೋಗಿತ್ತು. ಹೋದದ್ದು ಉಜ್ಜಿದರೆ ಬರುವುದಿಲ್ಲ.

ಸ್ಟುಡಿಯೋದವನು ಬಂದ. ದರ್ಜಿ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದ. ಸ್ಟುಡಿಯೋದವನು ಕಾರಿಗೆ ಒಂದು ಸುತ್ತು ಹಾಕಿದ. ಬಗ್ಗಿ ಬಂಪರು ನೋಡಿದ. ಆ ನಿಲುವಂಗಿಯನ್ನೂ ನೋಡಿದ. ನೋಡಿ ನಕ್ಕುಬಿಟ್ಟ.

"ನಿನ್ನ ಕೋಟು ಹಾಕ್ಕೊಂಡು ಪಾಪ ಬೆವೆತಿದೆ ಕಣೋ. ಈ ಚುಕ್ಕೆ ಬಿಡು, ನನ್ನ ಮುಖದ ಮೇಲೆ ಇದಕ್ಕಿಂತ ಜಾಸ್ತಿ ಇವೆ. ಕಾರು ಮಾರಿ ಆಗಿದೆ. ತಗೊಂಡವನು ಹೇಗೂ ಎಲ್ಲಾ ಕಿತ್ತು ಹೊಸದಾಗಿ ಮಾಡಿಸ್ತಾನಂತೆ. ಸೋಮವಾರ ಬೆಳಿಗ್ಗೆ ನಾನು ರೈಲು ಹತ್ತಬೇಕು. ಆಮೇಲೆ ಈ ಊರು ಯಾವಾಗಲೋ ಏನೋ. ಭಾನುವಾರ ಒಂದು ಸಲ ಡ್ಯಾಮಿಗೆ ಹೋಗಿಬರೋಣ. ಅದಕ್ಕೇ ಒಂದು ದಿನ ಹೆಚ್ಚು ಇಟ್ಕೊಂಡು ಬಂದಿದೀನಿ."

ದರ್ಜಿ ಆಗಲಿ ಎಂದು ತಲೆಯಾಡಿಸಿದ. ಆದರೆ ಸ್ನೇಹಿತನ ನಗುವನ್ನು ಅವನು ನಂಬಲಿಲ್ಲ. ಒಳಗೆ ನೊಂದಿದ್ದಾನೆ, ನನ್ನ ಸಮಾಧಾನಕ್ಕೆ ನಗುತ್ತಿದ್ದಾನೆ ಎಂದುಕೊಂಡ. ಕೊಂಡವನು ಎಲ್ಲ ಹೊಸದಾಗಿ ಮಾಡಿಸುತ್ತಾನೆ ಎಂಬುದೂ ನನ್ನ ಮುಖ ಉಳಿಸಲು ಹೇಳಿದ ಸುಳ್ಳೇ ಇರಬೇಕು ಎಂದುಕೊಂಡ. ಭಾನುವಾರದೊಳಗೆ ಒಂದು ಚುಕ್ಕೆಯೂ ಉಳಿಯಬಾರದು ಎಂದು ಹಟ ತೊಟ್ಟ. ಹೊಲಿಯಲು ಬಂದ ಬಟ್ಟೆಗಳನ್ನು ಬದಿಗಿಟ್ಟು ಮತ್ತೆ ಉಜ್ಜಲು ಕುಳಿತ.

ಮರುಳಸಿದ್ಧ, ಈ ಕ್ರೋಮಿನ ಗುಟ್ಟು ನಿನಗೆ ಹೇಳಬೇಕು. ಕಬ್ಬಿಣದ ಮೇಲೆ ಮೊದಲು ನಿಕ್ಕಲ್ ಕೊಡುತ್ತಾರೆ. ಅದರ ಮೇಲೆ ಕ್ರೋಮು. ಕ್ರೋಮು ಬಹಳ ತೆಳು, ಹಾಲಿನ ಕೆನೆಗಿಂತ ತೆಳು. ಮೆತ್ತಗೆ ಒರೆಸಿದರೆ ಹೊಳೆಯುತ್ತದೆ. ಪಾಲಿಶ್ ಹಚ್ಚಿ ಬಿಡದೆ ತಿಕ್ಕಿದರೆ ಸವೆದುಹೋಗುತ್ತದೆ. ಆಗ ಕೆಳಗಿನ ನಿಕ್ಕಲ್ ಕಾಣುತ್ತದೆ. ನಿಕ್ಕಲ್ಲಿಗೆ ಸ್ವಲ್ಪ ಹಳದಿ ಛಾಯೆ.

ಶನಿವಾರ ಬಂಪರಿನ ಎಡ ಮೂಲೆಯಲ್ಲಿ ಆ ಹಳದಿ ಕಂಡಿತು. ದರ್ಜಿಗೆ ಹಳೆಪೇಟೆಯವನ ಮಾತು ನೆನಪಾಯಿತು. ಹಳದಿ ಕಂಡರೆ ಮುಲಾಮು ಮುಗಿಯಿತು ಎಂದು ತಿಳಿಯಬೇಕು. ಹೇಳಿದವನ ಬಾಯಲ್ಲಿ ಮುಲಾಮು ಎಂದರೆ ಕ್ರೋಮು. ಕೇಳಿದವನ ಮನೆಯಲ್ಲಿ ಮುಲಾಮು ಎಂದರೆ ಡಬ್ಬಿಯ ಪೇಸ್ಟು. ಕೈ ತೆಗೆ ಎಂದು ಅವನು ಹೇಳಿದ್ದು, ಇನ್ನಷ್ಟು ಹಚ್ಚು ಎಂದು ಇವನಿಗೆ ಕೇಳಿಸಿತು. ಡಬ್ಬಿ ತೆಗೆದು ನೋಡಿದ. ನಿಜವಾಗಿಯೂ ತಳ ಕಾಣುತ್ತಿತ್ತು. ಎಷ್ಟು ಸರಿಯಾಗಿ ಹೇಳಿದ ಮಹಾರಾಯ ಎಂದು ಮನಸ್ಸಿನಲ್ಲೇ ಅವನನ್ನು ಹೊಗಳಿ, ಓಡಿಹೋಗಿ ಹೊಸ ಡಬ್ಬಿ ತಂದ.

ಹಚ್ಚಿದಷ್ಟೂ ಹಳದಿ ಹರಡಿತು. ಹರಡಿದಷ್ಟೂ ಹಚ್ಚಿದ.

ಭಾನುವಾರ ಮಧ್ಯಾಹ್ನ ಸ್ಟುಡಿಯೋದವನು ಬಂದ. ಕೈಯಲ್ಲಿ ಮಂಡಕ್ಕಿ ಮಿರ್ಚಿಯ ಪೊಟ್ಟಣವಿತ್ತು. ದರ್ಜಿ ಬಂಪರಿನ ಮುಂದೆ ಮಂಡಿಯೂರಿ ಕುಳಿತಿದ್ದ.

"ನಡಿಯೋ, ಬಿಸಿ ಇರುವಾಗಲೇ ಹೊರಡೋಣ" ಎಂದ ಸ್ಟುಡಿಯೋದವನು.

"ಇದೊಂದು ಮೂಲೆ ಆಗಿಬಿಡ್ಲಿ. ಹಳದಿ ಹೋಗ್ತಾ ಇಲ್ಲ."

"ಒಳಗೆ ಕೂತ್ರೆ ಬಂಪರು ಕಾಣೋದೇ ಇಲ್ವಲ್ಲೋ."

"ನೋಡೋರಿಗೆ ಕಾಣುತ್ತೆ."

"ನೋಡೋರು ಯಾರೋ? ಹೋಗೋದು ನಾವಿಬ್ಬರೇ."

ದರ್ಜಿ ಡಬ್ಬಿಯಿಂದ ಇನ್ನಷ್ಟು ಪೇಸ್ಟು ತೆಗೆದ. ಸ್ಟುಡಿಯೋದವನು ಅಂಗಡಿಯ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು ಕುಳಿತ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಿಯ ತೋಳು ಮಡಿಸಿಕೊಂಡು, "ಕೊಡು, ಒಂದು ಬಟ್ಟೆ ನನಗೂ ಕೊಡು. ಇಬ್ಬರೂ ಉಜ್ಜಿದ್ರೆ ಬೇಗ ಆಗುತ್ತೆ" ಎಂದ.

ದರ್ಜಿ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ. "ನಿನ್ನ ಕೈಯಲ್ಲಿ ಉಜ್ಜಿಸೋದಾ? ಹಾಳು ಮಾಡಿದೋನು ನಾನು. ಇದನ್ನ ಸರಿ ಮಾಡದೆ ನಿನ್ನ ಪಕ್ಕ ಯಾವ ಮುಖ ಇಟ್ಕೊಂಡು ಕೂರ್ಲಿ?"

"ಇದೇ ಮುಖ ಇಟ್ಕೊಂಡು ಕೂತ್ಕೋ. ನೋಡಿ ಅಭ್ಯಾಸ ಆಗಿದೆ ನನಗೆ."

ದರ್ಜಿ ನಗಲಿಲ್ಲ. ಬಾಗಿದ ತಲೆ ಎತ್ತಲಿಲ್ಲ. ನನಗೆ ಆ ದರ್ಜಿಯ ಮೇಲೆ ಸಿಟ್ಟು ಬರುತ್ತದೆ, ಮರುಳಸಿದ್ಧ. ಕನಿಕರವೂ ಬರುತ್ತದೆ. ಸಿಟ್ಟೇ ಸ್ವಲ್ಪ ಮುಂದು. ತಪ್ಪು ಮಾಡಿದ ಮನುಷ್ಯನಿಗೆ ಅದರ ಮೇಲೆ ಎಂಥ ಒಡೆತನ ನೋಡು. ಇನ್ನೊಬ್ಬ ಬಂದು ಮುಟ್ಟುವ ಹಾಗಿಲ್ಲ.

ಸ್ಟುಡಿಯೋದವನು ಬಹಳ ಹೊತ್ತು ಕಾದ. ಮಿರ್ಚಿ ಆರಿತು. ಮಂಡಕ್ಕಿ ಮೆತ್ತಗಾಯಿತು. ಬಿಸಿಲು ಎದುರುಮನೆಯ ಗೋಡೆಯನ್ನು ಹತ್ತಿ ಹೋಯಿತು. ಅವನು ಎದ್ದ. ಒಂದು ಮಿರ್ಚಿ ತೆಗೆದುಕೊಂಡು ಉಳಿದ ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟ.

"ಡ್ಯಾಮಿಗೆ ಈಗೊಂದು ಬಸ್ಸಿದೆ. ನಾನು ಹೋಗಿ ನೀರು ನೋಡಿ ಬರ್ತೀನಿ" ಎಂದ.

"ಹೋಗಿ ಬಾ, ಅಷ್ಟರಲ್ಲಿ ಮುಗಿಸಿರ್ತೀನಿ" ಎಂದ ದರ್ಜಿ. ಸ್ನೇಹಿತ ಬಸ್ಸಿನಲ್ಲಿ ಹೋಗುತ್ತಿದ್ದಾನೆ ಎಂಬ ಮಾತು ಅವನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಸ್ಟುಡಿಯೋದವನು ಬಸ್ಸಿನಲ್ಲಿ ಹೋದ. ಒಬ್ಬನೇ ನೀರು ನೋಡಿದ. ಬಸ್ಸಿನಲ್ಲೇ ಹಿಂದಿರುಗಿ ತಾನು ಇಳಿದುಕೊಂಡಿದ್ದ ಮನೆಗೆ ಹೋದ. ಬೆಳಿಗ್ಗೆ ರೈಲು ಹತ್ತಿದ. ಹತ್ತುವ ಮೊದಲು ದರ್ಜಿಯ ಅಂಗಡಿಯ ತನಕ ಬಂದಿದ್ದನಂತೆ. ದರ್ಜಿ ಕಾರಿನ ಹಿಂದಿನ ಬಂಪರಿನ ಕೆಳಗೆ ಮಲಗಿಕೊಂಡು ಉಜ್ಜುತ್ತಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. "ಹೋಗ್ಬರ್ತೀನಿ ಕಣೋ" ಎಂದು ಆ ಕಾಲುಗಳಿಗೆ ಹೇಳಿದ. ಒಳಗಿನಿಂದ "ಒಂದು ನಿಮಿಷ" ಎಂಬ ದನಿ ಬಂತು. ರೈಲಿನ ಹೊತ್ತಾಗಿತ್ತು. ಅವನು ಹೊರಟ. ದರ್ಜಿ ಮೈ ಕೊಡವಿಕೊಂಡು ಹೊರಗೆ ಬಂದಾಗ ಬೀದಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕಾರು ಕೊಂಡವನು ಬಂದ. ಜೊತೆಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದಿದ್ದ. ಮೆಕ್ಯಾನಿಕ್ಕು ಬಂಪರು ನೋಡಿ, "ಯಾರು ಸ್ವಾಮಿ ಇದನ್ನ ಉಜ್ಜಿದ್ದು? ಮುಲಾಮೆಲ್ಲ ಮುಗಿಸಿಬಿಟ್ಟಿದಾರೆ" ಎಂದ. ದರ್ಜಿ ಕೈಯಲ್ಲಿದ್ದ ಡಬ್ಬಿಯನ್ನು ತೋರಿಸಿ, "ಇಲ್ಲ, ಇನ್ನೂ ಅರ್ಧ ಇದೆ" ಎಂದ. ಮೆಕ್ಯಾನಿಕ್ಕು ಡಬ್ಬಿಯನ್ನು ನೋಡಿದ, ಬಂಪರನ್ನು ನೋಡಿದ, ದರ್ಜಿಯ ಮುಖವನ್ನು ನೋಡಿದ. ಆಗ ದರ್ಜಿಗೆ ಆ ಮಾತಿನ ಅರ್ಥವಾಯಿತು.

ಕೊಂಡವನು ಒಳ್ಳೆಯ ಮನುಷ್ಯ. "ಅದಕ್ಯಾಕೆ ಅಷ್ಟು ಪೇಚಾಡ್ತೀರಿ? ಹೇಗೂ ನಾನು ಎಲ್ಲಾ ಬಿಚ್ಚಿಸಿ ಹೊಸ ಮುಲಾಮು ಕೊಡಿಸೋನು. ಅವರಿಗೂ ಹೇಳಿದ್ದೆನಲ್ಲ" ಎಂದ. ಕೀಲಿ ತೆಗೆದುಕೊಂಡ. ಕಾರು ಹೊರಟುಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಸುಲಿದ ಕಾಳನ್ನು ಮೊರಕ್ಕೆ ಸುರಿದು ಸಿಪ್ಪೆಯನ್ನು ಬೇರೆ ಮಾಡತೊಡಗಿದರು. ಮರುಳಸಿದ್ಧನ ಕೈಯಲ್ಲಿ ಒಂದು ಕಾಯಿ ಆಗಿನಿಂದಲೂ ಹಾಗೇ ಉಳಿದಿತ್ತು.

ಅವನು ಕೇಳಿದ. "ಗುರುಗಳೇ, ಆ ಸ್ಟುಡಿಯೋದವನು ಕೊನೆಗಾದರೂ ದರ್ಜಿಯನ್ನು ಕ್ಷಮಿಸಿದನೇ?"

"ಬಂದ ದಿನವೇ ಕ್ಷಮಿಸಿದ್ದನಪ್ಪ, ತೆಗೆದುಕೊಳ್ಳಲು ದರ್ಜಿಯ ಕೈಗೆ ಬಿಡುವಿರಲಿಲ್ಲ."